ಖಾಲಿ ಪೆಟ್ಟಿಗೆ

ಡಿಗ್ರಿ ಮುಗಿದ ಮೇಲೆ ಮೂರು ವರ್ಷ ನಾನು ಎಫ್‌ಡಿಎ, ಅಂದರೆ ಸರ್ಕಾರಿ ಪ್ರಥಮ ದರ್ಜೆ ಸಹಾಯಕನ ಕೆಲಸದ ನೋಟಿಫಿಕೇಶನ್ ಕಾದೆ. ಒಂದು ವರ್ಷ ಧಾರವಾಡದಲ್ಲಿ ರೂಮು ಮಾಡಿಕೊಂಡು, ಇನ್ನೆರಡು ವರ್ಷ ಮನೆಯಲ್ಲಿ. ಯಾರಾದರೂ ಏನು ಮಾಡ್ತಾ ಇದ್ದೀಯ ಅಂದರೆ ‘ಓದ್ತಾ ಇದ್ದೇನೆ’ ಅನ್ನುತ್ತಿದ್ದೆ. ಸುಳ್ಳೇನಲ್ಲ. ಅದೇ ಪುಸ್ತಕವನ್ನು ನಾಲ್ಕನೇ ಸಲ ಓದುತ್ತಿದ್ದೆ, ಅಷ್ಟೇ.

ನಮ್ಮದು ಶಿರಸಿ ಹತ್ತಿರದ ಹಳ್ಳಿ. ಒಂದೆಕರೆ ಅಡಿಕೆ ತೋಟ, ಮೇಲೆ ಸೊಪ್ಪಿನ ಬೆಟ್ಟ. ಅಟ್ಟದಲ್ಲಿ ಅಜ್ಜನ ಕಾಲದ ನಾಲ್ಕು ಜೇನು ಪೆಟ್ಟಿಗೆ ಇದ್ದವು. 1991–92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ದಕ್ಷಿಣ ಭಾರತಕ್ಕೆ ಬಂದು ತುಡುವೆ ಜೇನನ್ನು ಗುಡಿಸಿ ಹಾಕಿತಲ್ಲ, ಆಗ ಖಾಲಿಯಾದ ಪೆಟ್ಟಿಗೆಗಳು. ಮರಿಹುಳ ಎರಿಯ (ಮೇಣದ ಹಲ್ಲೆಯ) ಕೋಣೆಯೊಳಗೇ ನೀರು ತುಂಬಿದ ಚೀಲದ ಹಾಗೆ ಆಗಿ ಸಾಯುತ್ತಿತ್ತಂತೆ. ಔಷಧ ಇರಲಿಲ್ಲ. ಅಜ್ಜ ಪೆಟ್ಟಿಗೆ ಅಟ್ಟಕ್ಕೆ ಹಾಕಿದವರು ಮತ್ತೆ ಇಳಿಸಲಿಲ್ಲ.

ನಾನು ಇಳಿಸಿದೆ. ತೊಳೆದು, ಬಿಸಿಲಿಗಿಟ್ಟು, ಒಳಗೆಲ್ಲ ಬೆಂಕಿ ತೋರಿಸಿ, ಒಂದಕ್ಕೆ ಜೇನುಮೇಣ ಸವರಿ ಕೊಟ್ಟಿಗೆ ಹಿಂದೆ ಇಟ್ಟೆ. ಮೇಣದ ವಾಸನೆಗೆ ಜೇನು ತಾನಾಗಿ ಬಂದು ಕೂರುತ್ತದೆ ಎಂದು ಕೇಳಿದ್ದೆ. ಬರುವುದೂ ಉಂಟು. ಆದರೆ ನನ್ನ ಪೆಟ್ಟಿಗೆಗೆ ಎರಡು ಬೇಸಿಗೆ ಬಂದದ್ದು ಹಲ್ಲಿ, ಕಟ್ಟಿರುವೆ, ಒಂದು ಸಲ ಕಪ್ಪೆ. ಜೊತೆಗೆ ಜೇನು ಸಾಕಣೆಯ ಸಬ್ಸಿಡಿಗೂ ಅರ್ಜಿ ಕೊಟ್ಟಿದ್ದೆ. ಅಂದರೆ ನೋಟಿಫಿಕೇಶನ್, ಸಬ್ಸಿಡಿ, ಜೇನು, ಮೂರನ್ನೂ ಒಟ್ಟಿಗೆ ಕಾಯುತ್ತಿದ್ದೆ. ಆಗ ಇದು ತಮಾಷೆ ಅನ್ನಿಸಿರಲಿಲ್ಲ.

ಆ ವರ್ಷ ಅಡಿಕೆ ಕೊಯ್ಲಿಗೆ ಬಂದ, ಮರ ಹತ್ತಿ ಕೊನೆ ಇಳಿಸುವ ಕೊನೆಗೌಡರು ಕವಳ ಹಾಕುತ್ತ ಕೂತಿದ್ದಾಗ ಪೆಟ್ಟಿಗೆ ನೋಡಿದರು. “ಎಂತಕ್ಕೆ ತಮ್ಮಾ ಇದು?” ಅಂದರು. ಹೇಳಿದೆ. ಅವರು ನಕ್ಕು, “ಕೆಳಗಿನ ತೋಟದ ದಂಡೆ ಹುತ್ತದಲ್ಲಿ ತುಡುವೆ ಉಂಟು. ನೀ ದಿನಾ ಅದರ ಮುಂದೇ ಓಡಾಡ್ತೆ” ಅಂದರು.

ಸಂಜೆ ಹೋದೆವು. ಹುತ್ತದ ಬಾಯಿ ನಿಧಾನಕ್ಕೆ ಅಗಲ ಮಾಡಿ, ತೆಂಗಿನ ಸಿಪ್ಪೆಯ ಹೊಗೆ ಸ್ವಲ್ಪವೇ ಸ್ವಲ್ಪ ಕೊಟ್ಟೆವು. ಹೊಗೆ ಜಾಸ್ತಿಯಾದರೆ ಹುಳ ಗಾಬರಿಯಾಗಿ ದಿಕ್ಕಾಪಾಲಾಗುತ್ತದೆ. ಎರಿಗಳನ್ನು ಒಂದೊಂದಾಗಿ ಕೊಯ್ದೆವು. ಮೊಟ್ಟೆ, ಮರಿ ಇರುವ ಎರಿಯನ್ನು ತಲೆಕೆಳಗಾಗದ ಹಾಗೆ ಚೌಕಟ್ಟಿಗೆ ಹಿಡಿದು ಬಾಳೆ ನಾರಿನಿಂದ ಕಟ್ಟಬೇಕು. ಹುಳ ಮೇಣ ಹಾಕಿ ಎರಿಯನ್ನು ಚೌಕಟ್ಟಿಗೆ ಅಂಟಿಸಿಕೊಂಡ ಮೇಲೆ ಆ ನಾರನ್ನು ತಾನೇ ಕಚ್ಚಿ ಹೊರಗೆ ಎಸೆಯುತ್ತದೆ! ಕೊನೆಗೌಡರು ಬರಿಗೈಯಲ್ಲಿ ಹುಳಗಳನ್ನು ಬೊಗಸೆ ಬೊಗಸೆ ಮೊಗೆದು ಪೆಟ್ಟಿಗೆಗೆ ಹಾಕಿದರು. ರಾಣಿ ಒಳಗೆ ಹೋದದ್ದು ಗೊತ್ತಾಗುವುದು ಉಳಿದವರಿಂದ. ಬಾಗಿಲಲ್ಲಿ ಒಂದಷ್ಟು ಹುಳ ಬಾಲ ಎತ್ತಿ ರೆಕ್ಕೆ ಬೀಸುತ್ತವೆ, ಹೊರಗಿದ್ದವು ಸಾಲಾಗಿ ಒಳಗೆ ನಡೆಯುತ್ತವೆ. ಕತ್ತಲಾಗುವವರೆಗೆ ಪೆಟ್ಟಿಗೆ ಅಲ್ಲೇ ಇಟ್ಟು, ಆಮೇಲೆ ಬಾಗಿಲು ಮುಚ್ಚಿ ತಂದೆವು. ನನಗೆ ಹನ್ನೊಂದು ಕಡಿತ. ಅವರಿಗೆ ಎರಡು.

ನಾಲ್ಕನೇ ದಿನ ಪೆಟ್ಟಿಗೆ ಖಾಲಿ.

ತಪ್ಪು ಪೂರಾ ನನ್ನದೇ. ಪಾಪ, ಹಸಿದಿರುತ್ತವೆ ಎಂದು ಒಡೆದ ಜೇನಿನ ಎರಿಯನ್ನೂ ಒಳಗಿಟ್ಟಿದ್ದೆ. ಅದು ಸೋರಿ ಇರುವೆ ಬಂತು. ರಾಣಿ ದಾಟಿ ಹೋಗದ ಹಾಗೆ ಬಾಗಿಲಿಗೆ ಹಾಕುವ ಸಣ್ಣ ಕಿಂಡಿಯ ತಗಡನ್ನು ಎರಡನೇ ದಿನವೇ ತೆಗೆದಿದ್ದೆ. ಎಲ್ಲಕ್ಕಿಂತ ಜಾಸ್ತಿ ಕೆಟ್ಟದ್ದು, ದಿನಕ್ಕೆ ಮೂರು ಸಲ ಮುಚ್ಚಳ ತೆಗೆದು ನೋಡುತ್ತಿದ್ದೆ. ಮೂರು ವರ್ಷ ಸುಮ್ನೆ ಕೂತವನಿಗೆ ಮೂರು ದಿನ ಸುಮ್ಮನಿರಲು ಆಗಲಿಲ್ಲ ನೋಡಿ. ತುಡುವೆಗೆ ಕಿರಿಕಿರಿಯಾದರೆ ಮರಿ ಬಿಟ್ಟಾದರೂ ಹೊರಟುಬಿಡುತ್ತದೆ.

ಕೊನೆಗೌಡರನ್ನು ಮತ್ತೆ ಕರೆಯಲು ನಾಚಿಕೆಯಾಯಿತು. ಎರಡನೆಯದನ್ನು ನಾನೇ ಹುಡುಕಿದೆ. ಬೇಸಿಗೆ ಹತ್ತಿರವಾದಾಗ ಜೇನು ನೀರಿಗೆ ಬರುತ್ತದೆ. ಹಳ್ಳದ ಒದ್ದೆ ಕಲ್ಲಿನ ಹತ್ತಿರ ಕೂತು, ನೀರು ಕುಡಿದ ಹುಳ ಯಾವ ಕಡೆ ಹಾರುತ್ತದೆ ಎಂದು ನೋಡುವುದು. ಅದೇ ದಿಕ್ಕಿನಲ್ಲಿ ಸ್ವಲ್ಪ ನಡೆಯುವುದು, ಮತ್ತೆ ನೋಡುವುದು. ನನಗೆ ಐದು ದಿನ ಹಿಡಿಯಿತು. ಸಿಕ್ಕಿದ್ದು ಹಲಸಿನ ಮರದ ಪೊಟರೆಯಲ್ಲಿ, ಕೈಗೆ ಎಟಕುವ ಎತ್ತರದಲ್ಲಿ. ಈ ಸಲ ಜೇನಿನ ಎರಿ ಒಳಗಿಡಲಿಲ್ಲ. ಪೆಟ್ಟಿಗೆ ಇಟ್ಟ ಸ್ಟ್ಯಾಂಡಿನ ಕಾಲುಗಳನ್ನು ನೀರು ತುಂಬಿದ ಕರಟದಲ್ಲಿ ನಿಲ್ಲಿಸಿದೆ. ತಗಡನ್ನು ಒಂದು ವಾರ ಬಾಗಿಲಲ್ಲೇ ಬಿಟ್ಟೆ. ಮುಚ್ಚಳ ಮುಟ್ಟಬಾರದು ಎಂದು ಅಮ್ಮನಿಗೇ ನನ್ನ ಕಾವಲು ಒಪ್ಪಿಸಿದೆ. ಆ ಜೇನು ಬಿಟ್ಟುಹೋಗದೆ ನಿಂತಿತು.

ಆದರೂ ಮಳೆಗಾಲ ಕಷ್ಟವೇ. ನಮ್ಮ ಕಡೆ ಮೂರು ತಿಂಗಳು ಹುಳಕ್ಕೆ ಹೊರಗೆ ಹೋಗಲು ಬಿಡುವಿಲ್ಲ, ಹೋದರೂ ಹೂವಿಲ್ಲ. ಸಕ್ಕರೆ ಪಾಕ ಕರಟದಲ್ಲಿ ಹಾಕಿ, ಹುಳ ಮುಳುಗದ ಹಾಗೆ ಹುಲ್ಲುಕಡ್ಡಿ ತೇಲಿಬಿಟ್ಟು ಒಳಗಿಡುತ್ತಿದ್ದೆ. ಮಾರುವ ಜೇನಿಗೆ ಈ ಪಾಕ ಸೇರಬಾರದು. ಹೂವಿನ ಕಾಲ ಶುರುವಾಗುವ ಮೊದಲೇ ನಿಲ್ಲಿಸಬೇಕು.

ಮೊದಲ ಬೇಸಿಗೆಗೆ ಸಿಕ್ಕಿದ್ದು ಮೂರು ಕೆಜಿ ಜೇನು. ಮಾರಿದ್ದು ಎರಡು, ನೆಂಟರು ತಿಂದದ್ದು ಒಂದು. ಆಮೇಲೆ ಗಟ್ಟಿ ಜೇನು ಕುಟುಂಬಗಳನ್ನು ಪಾಲು ಮಾಡುವುದು ಕಲಿತೆ, ಆಹಾರ ಸುರಕ್ಷತೆಯ ನೋಂದಣಿ ಮಾಡಿಸಿದೆ, ಪೇಟೆಯ ಎರಡು ಅಂಗಡಿಗೆ ನಾನೇ ಬಾಟಲಿ ಹಿಡಿದು ಹೋದೆ. ಒಂದು ಅಂಗಡಿಯವರು ಬೇಡ ಅಂದರು. ಜೇನು ಹರಳುಗಟ್ಟಿದರೆ ಕಲಬೆರಕೆ ಎಂದು ವಾದಿಸುವ ಗಿರಾಕಿಗಳ ಬಗ್ಗೆ ಬೇರೆಯೇ ಬರೆಯಬೇಕು. ಶುದ್ಧ ಜೇನೂ ಹರಳುಗಟ್ಟುತ್ತದೆ ಮಾರಾಯ್ರೆ, ಬಿಸಿ ನೀರಿನಲ್ಲಿ ಬಾಟಲಿ ಇಟ್ಟರೆ ಕರಗುತ್ತದೆ.

ನಡುವೆ ನೋಟಿಫಿಕೇಶನ್ ಬಂತು. ಬರೆದೆ. ಪಟ್ಟಿಯಲ್ಲಿ ಹೆಸರಿರಲಿಲ್ಲ. ಬೇಜಾರಾಯಿತು, ಇಲ್ಲ ಅನ್ನುವುದಿಲ್ಲ. ಆದರೆ ಅವತ್ತು ಸಂಜೆ ಒಂದು ಪೆಟ್ಟಿಗೆಗೆ ಎರಿ ತಿನ್ನುವ ಮೇಣದ ಹುಳ ಬಿದ್ದಿತ್ತು, ಎರಿ ಕೊಯ್ದು ಸುಡುವುದರಲ್ಲಿ ರಾತ್ರಿಯಾಯಿತು. ಸಬ್ಸಿಡಿ ಅರ್ಜಿ ಏನಾಯಿತೋ, ನಾನೂ ಕೇಳಲು ಹೋಗಲಿಲ್ಲ.

ಈ ವರ್ಷ ಶಿವರಾತ್ರಿ ಕಳೆದ ಮೇಲೆ ಒಂದು ಮಧ್ಯಾಹ್ನ ಅಮ್ಮ ಕೂಗಿದರು. ಕೊಟ್ಟಿಗೆ ಹಿಂದೆ ಗುಂಯ್ ಅಂತ ಸದ್ದು. ಮೊದಲು ಮೇಣ ಸವರಿ ಇಟ್ಟಿದ್ದ ಆ ಪೆಟ್ಟಿಗೆ, ನಾನು ಮರೆತೇ ಬಿಟ್ಟಿದ್ದು, ಅದರ ಬಾಗಿಲಲ್ಲಿ ಹುಳಗಳು ರೆಕ್ಕೆ ಬೀಸುತ್ತ ನಿಂತಿದ್ದವು. ನನ್ನದೇ ಯಾವುದೋ ಕುಟುಂಬ ಪಾಲಾಗಿ ಬಂದದ್ದೋ, ಬೆಟ್ಟದಿಂದ ಬಂದದ್ದೋ, ಹೇಳುವುದು ಕಷ್ಟ. ಒಂದು ಕಾಲು ಗೆದ್ದಲು ತಿಂದು ಪೆಟ್ಟಿಗೆ ವಾಲಿತ್ತು. ಕತ್ತಲಾದ ಮೇಲೆ ಕಾಲಿಗೆ ಕಲ್ಲು ಕೊಟ್ಟು, ನಾಲ್ಕು ಕರಟ ನೀರು ಇಟ್ಟು ಬಂದೆ. ಮುಚ್ಚಳ ತೆಗೆಯಲಿಲ್ಲ.