ಬೈಕಿನ ಮಾತು ಅಳಿಯನ ತಲೆಗೆ: ವಾಟ್ಸ್‌ಆ್ಯಪ್ ಗುಂಪಿಗೆ ಆಡಿಯೊ ಕತ್ತರಿಯ ರುಚಿ ಹತ್ತಿಸುವುದು ಹೇಗೆ?

ವಿಜಯಪುರದ ನಮ್ಮ ಕಾಕಾ ಒಬ್ಬರು ಹಳೇ ಬೈಕ್ ಮಾರಾಟಕ್ಕಿಟ್ಟಿದ್ದರು. ಯಾರು ವಿಚಾರಿಸಿದರೂ ಒಂದೇ ವಾಯ್ಸ್ ಮೆಸೇಜ್ ಮುಂದೆ ತಳ್ಳುತ್ತಿದ್ದರು. "ನೋಡಾಕ ಛಲೋ ಐತಿ. ಮುಂಜಾನೆ ನಾಕು ಸಲ ಒದಿಬೇಕು, ಆಮ್ಯಾಗ ಚಾಲೂ ಆಕೈತಿ. ಎಣ್ಣಿ ಸ್ವಲ್ಪ ಜಾಸ್ತಿ ಕುಡಿತೈತಿ. ಹಿಂದಿನ ಮಾಲಕರು ಭಾಳ ಛಂದ ಇಟ್ಟಿದ್ರು."

ಒಂದು ಭಾನುವಾರ ಸುಮ್ನೆ ಕೂತಾಗ ಅದನ್ನು ನಾಲ್ಕು ತುಂಡು ಮಾಡಿದೆ. ನಡುವೆ ನನ್ನ ದನಿಯಲ್ಲಿ ಪ್ರಶ್ನೆ ತುರುಕಿದೆ.

"ಕಾಕಾ, ಹೊಸ ಅಳಿಯಾ ಹೆಂಗದಾನ್ರೀ?"
"ನೋಡಾಕ ಛಲೋ ಐತಿ."
"ಲಗೂನ ಏಳತಾನೇನ್ರೀ?"
"ಮುಂಜಾನೆ ನಾಕು ಸಲ ಒದಿಬೇಕು, ಆಮ್ಯಾಗ ಚಾಲೂ ಆಕೈತಿ."
"ಏನರ ಚಟಾ?"
"ಎಣ್ಣಿ ಸ್ವಲ್ಪ ಜಾಸ್ತಿ ಕುಡಿತೈತಿ."
"ಅವರ ಮನ್ಯಾಗ ಹೆಂಗ ಬೆಳೆಸ್ಯಾರ?"
"ಹಿಂದಿನ ಮಾಲಕರು ಭಾಳ ಛಂದ ಇಟ್ಟಿದ್ರು."

ಇಪ್ಪತ್ತೈದು ಸೆಕೆಂಡೂ ಇಲ್ಲ. ಅಳಿಯನಿಗೆ ‘ಐತಿ’ ಅಂದಿದ್ದರಲ್ಲೇ ಅರ್ಧ ನಗು ಇತ್ತು. ಖುಷಿಯಲ್ಲಿ ಮನೆಮಂದಿಯ ಗುಂಪಿಗೆ ಹಾಕಿಬಿಟ್ಟೆ. ಆ ಗುಂಪಿನಲ್ಲಿ ಎರಡು ತಿಂಗಳ ಹಿಂದೆ ಮದುವೆಯಾದ ನಿಜವಾದ ಹೊಸ ಅಳಿಯಂದಿರೂ ಇದ್ದರು ಎನ್ನುವುದು ನೆನಪಾದಾಗ ಹನ್ನೆರಡು ನೀಲಿ ಟಿಕ್ ಬಿದ್ದಾಗಿತ್ತು. ಬೈಕ್ ಮಾರಾಟವಾಯಿತು. ಅಳಿಯಂದಿರು ಸಂಕ್ರಾಂತಿಗೆ ಬರಲಿಲ್ಲ.

ಈ ಎಡವಟ್ಟಿನಿಂದ ಕಲಿತದ್ದನ್ನೆಲ್ಲ ಸೇರಿಸಿ ಹೇಳುತ್ತೇನೆ. ನಿಮ್ಮ ಗೆಳೆಯರ ಗುಂಪಿನಲ್ಲೂ ಈ ಆಟ ಶುರು ಮಾಡಬಹುದು.

ಹಳೇ ಆಟವೇ

1956ರಲ್ಲಿ ಅಮೆರಿಕದ ಬಿಲ್ ಬ್ಯುಕ್ಯಾನನ್ ಮತ್ತು ಡಿಕ್ಕಿ ಗುಡ್‌ಮನ್ ಎಂಬಿಬ್ಬರು ಒಂದು ರೆಕಾರ್ಡ್ ಹೊರತಂದರು. ಹಾರುವ ತಟ್ಟೆ ಇಳಿದಿದೆ ಎಂದು ರೇಡಿಯೊ ವರದಿಗಾರ ಗಾಬರಿಯಿಂದ ಪ್ರಶ್ನೆ ಕೇಳುತ್ತಾನೆ. ಉತ್ತರವಾಗಿ ಆಗಿನ ಜನಪ್ರಿಯ ಹಾಡುಗಳ ತುಣುಕು ಬರುತ್ತದೆ. ಜನ ಮುಗಿಬಿದ್ದು ಕೊಂಡರು, ಹಾಡಿನ ಕಂಪನಿಗಳು ಕೋರ್ಟಿಗೆ ಹೋದವು. ಆಗೆಲ್ಲ ಟೇಪನ್ನು ಬ್ಲೇಡಿನಿಂದ ಓರೆಯಾಗಿ ಕೊಯ್ದು ಅಂಟಿಸಬೇಕಿತ್ತು.

ನಮ್ಮ ಕಡೆಯವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಶ್ರೀಕೃಷ್ಣ ಪಾರಿಜಾತ ಬಯಲಾಟದಲ್ಲಿ ಭಾಗವತ ಮತ್ತು ದೂತಿ ಮಾಡುವುದೂ ಇದನ್ನೇ ಅಲ್ವಾ? ಒಬ್ಬರು ನೆಟ್ಟಗೆ ಕೇಳುತ್ತಾರೆ, ಇನ್ನೊಬ್ಬರು ಅಡ್ಡ ಉತ್ತರ ಕೊಡುತ್ತಾರೆ. ಅಡ್ಡ ಉತ್ತರ ಎಷ್ಟು ಗಂಭೀರವಾಗಿದ್ದರೆ ಅಷ್ಟು ನಗು.

ಮೊದಲ ಕುರಿ ನೀವೇ ಆಗಿ

ವಾಟ್ಸ್‌ಆ್ಯಪ್ ಗುಂಪಿಗೆ 1,024 ಜನರನ್ನು ಸೇರಿಸಬಹುದು. ಈ ಕೆಲಸಕ್ಕೆ ಹನ್ನೆರಡು ಜನ ಸಾಕು. ಗುಂಪು ದೊಡ್ಡದಾದಷ್ಟೂ ಕೇಳುವವರು ಜಾಸ್ತಿ, ಮಾಡುವವರು ಕಮ್ಮಿ.

‘ಎಲ್ಲರೂ ಏನಾದರೂ ತಮಾಷೆ ಮಾಡಿ ಹಾಕಿ’ ಎಂದು ಬರೆದರೆ ಹೆಬ್ಬೆರಳು ಬರುತ್ತದೆ, ಆಡಿಯೊ ಬರುವುದಿಲ್ಲ. ನಾನೂ ಹಾಗೇ ಬರೆದು ಒಂದು ವಾರ ಕಾದಿದ್ದೆ. ಕೊನೆಗೆ ನನ್ನದೇ ದನಿಯನ್ನು ಕೊಟ್ಟೆ. ಕುಕ್ಕರ್ ಜೊತೆ ಬಂದ ಸೂಚನೆಯ ಹಾಳೆಯನ್ನು ವಾರ್ತೆ ಓದುವವರ ಗತ್ತಿನಲ್ಲಿ ಒಂದು ನಿಮಿಷ ಓದಿ, ‘ಇದನ್ನು ಹೆಂಗ ಬೇಕಾದ್ರೂ ಕೊಯ್ರಿ, ನಾ ಏನೂ ಅನ್ನಂಗಿಲ್ಲ’ ಎಂದು ಹಾಕಿದೆ. ಅವತ್ತೇ ರಾತ್ರಿ ಮೂರು ಆಡಿಯೊ ಬಂದವು. ಒಂದರಲ್ಲಿ ನನ್ನ ಹೆಂಡತಿಯ ಸಿಟ್ಟು ಇಳಿಸುವುದು ಹೇಗೆ ಎಂದು ಯಾರೋ ಕೇಳುತ್ತಾರೆ. "ಸೀಟಿ ಆದ ಕೂಡಲೇ ಮುಚ್ಚಳ ತೆಗೆಯಬೇಡಿ. ಒತ್ತಡ ತಾನಾಗಿಯೇ ಇಳಿಯಲು ಬಿಡಿ" ಎಂದು ನಾನು ಬಹಳ ಜವಾಬ್ದಾರಿಯಿಂದ ಉತ್ತರಿಸುತ್ತೇನೆ.

ಕರೆದವನ ಮೇಲೆ ಮೊದಲು ನಗಲು ಬಿಟ್ಟರೆ ಉಳಿದವರ ಸಂಕೋಚ ಹೋಗುತ್ತದೆ. ಇದೊಂದು ಹೆಜ್ಜೆ ತಪ್ಪಿಸಿದರೆ ಮುಂದಿನದ್ಯಾವುದೂ ಕೆಲಸ ಮಾಡುವುದಿಲ್ಲ.

ಸಾಮಾನು ಕೂಡಿಸುವುದು

ಒಳ್ಳೆಯ ಸಾಮಾನು ಎಂದರೆ ತಮಾಷೆಯ ಮಾತಲ್ಲ. ತಮಾಷೆಯ ಮಾತನ್ನು ಕೊಯ್ದರೆ ಏನೂ ಹುಟ್ಟುವುದಿಲ್ಲ. ಗಂಭೀರ ಮಾತು ಬೇಕು. ಅಡುಗೆ ವಿಧಾನ, ಔಷಧಿ ಹೊಡೆಯುವ ಕ್ರಮ, ಎಮ್ಮೆ ಕೊಳ್ಳುವಾಗ ನೋಡಬೇಕಾದ ಲಕ್ಷಣ, ಟ್ರ್ಯಾಕ್ಟರ್ ರಿಪೇರಿ. ಎಮ್ಮೆಯ ಲಕ್ಷಣ ಹೇಳುವ ಆಡಿಯೊ ಒಂದಿದ್ದರೆ ವಧು-ವರ, ಗ್ರಾಮ ಪಂಚಾಯಿತಿ ಸದಸ್ಯ, ಹೊಸ ಟೀವಿ, ಎಲ್ಲಕ್ಕೂ ಆಗುತ್ತದೆ.

ಜೊತೆಗೆ ಚಿಲ್ಲರೆ ಮಾತಿನ ಒಂದು ಡಬ್ಬಿ ಇಟ್ಟುಕೊಳ್ಳಿ. "ಹೌದ್ರೀ", "ಇಲ್ಲ ಬಿಡ್ರೀ", "ಯಪ್ಪಾ", "ಹ್ಞೂಂ", ಕೆಮ್ಮು, ನಿಟ್ಟುಸಿರು, ಚಹಾ ಸೊರ್ ಅನ್ನಿಸುವ ಸದ್ದು. ಗುಂಪಿನ ಪ್ರತಿಯೊಬ್ಬರೂ ಐದೈದು ಕೊಟ್ಟರೆ ಅರವತ್ತು ಆದವು. ಹೆಸರಿಟ್ಟು ಉಳಿಸಿ. ‘ಆಡಿಯೊ 47’ ಎಂದಿದ್ದರೆ ಬೇಕಾದಾಗ ಸಿಗುವುದಿಲ್ಲ.

ಸುತ್ತಲಿನ ಸದ್ದನ್ನೂ ಹಿಡಿಯಿರಿ. ಬಸ್ ನಿಲ್ದಾಣದಲ್ಲಿ "ಇಂಡಿ, ಇಂಡಿ, ಇಂಡಿ" ಎಂದು ಕೂಗುವುದು, ಹಿಟ್ಟಿನ ಗಿರಣಿ, ಸಿದ್ಧೇಶ್ವರ ಜಾತ್ರೆಯ ಗದ್ದಲ. ಪ್ರತಿ ಜಾಗದಲ್ಲೂ ಮಾತಿಲ್ಲದ ಹತ್ತು ಸೆಕೆಂಡ್ ಬೇರೆ ರೆಕಾರ್ಡ್ ಮಾಡಿ. ಯಾಕೆಂದು ಮುಂದೆ ಹೇಳುತ್ತೇನೆ.

ನಮ್ಮೂರಿನವರಿಗೆ ಇನ್ನೊಂದು ಪುಕ್ಕಟೆ ಸ್ಟುಡಿಯೊ ಇದೆ. 1656ರಲ್ಲಿ ಮುಗಿದ ಗೋಳಗುಮ್ಮಟದ ಪಿಸುಗುಟ್ಟುವ ಗ್ಯಾಲರಿಗೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಬೇಕು. ಹತ್ತು ಗಂಟೆ ಮೇಲೆ ಶಾಲೆ ಮಕ್ಕಳ ಕೂಗಾಟದಲ್ಲಿ ನಿಮ್ಮ ದನಿ ನಿಮಗೇ ಸಿಗುವುದಿಲ್ಲ. ಅಲ್ಲಿ "ಯಾರಲ್ಲಿ?" ಎಂದು ಒಮ್ಮೆ ಅಂದರೆ ಏಳು ಸಲ ತಿರುಗಿ ಬರುತ್ತದೆ. ಆಕಾಶವಾಣಿಯಾಗಲು ಅಷ್ಟು ಸಾಕು. ಹೋಗಲಾಗದವರು ಫೋನಿನಲ್ಲೇ ಪ್ರತಿಧ್ವನಿ ಹಾಕಬಹುದು. ಗುಮ್ಮಟದ ಒಳಗಿನ ಅಗಲ ಸುಮಾರು 38 ಮೀಟರ್. ಸದ್ದು ಸೆಕೆಂಡಿಗೆ 340 ಮೀಟರ್ ಆಸುಪಾಸು ಓಡುತ್ತದೆ. ಆಚೆ ಗೋಡೆಗೆ ಹೋಗಿ ಬರಲು 0.22 ಸೆಕೆಂಡ್. ಪ್ರತಿಧ್ವನಿಯ ಅಂತರವನ್ನು ಅಷ್ಟಕ್ಕೆ ಇಟ್ಟರೆ ಊರಿನ ಗುಮ್ಮಟದ ಛಾಯೆ ಬರುತ್ತದೆ.

ಕತ್ತರಿ ಎಲ್ಲಿ ಆಡಿಸಬೇಕು

ಕಂಪ್ಯೂಟರ್ ಇದ್ದವರಿಗೆ ಆಡಾಸಿಟಿ ಸಾಕು. 2000ದಿಂದ ಇರುವ ಉಚಿತ ತಂತ್ರಾಂಶ. ಫೋನಿನಲ್ಲೇ ಮಾಡುವವರು ಲೆಕ್ಸಿಸ್ ಆಡಿಯೊ ಎಡಿಟರ್‌ನಂಥ ಆ್ಯಪ್ ಹಾಕಿಕೊಳ್ಳಬಹುದು. ವಾಟ್ಸ್‌ಆ್ಯಪ್ ವಾಯ್ಸ್ ಮೆಸೇಜುಗಳು ಓಪಸ್ ಎಂಬ ಮಾದರಿಯಲ್ಲಿರುತ್ತವೆ. ಆಡಾಸಿಟಿ ಅದನ್ನು ತೆರೆಯಲು ತಕರಾರು ಮಾಡಿದರೆ ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಉಚಿತ ಸಾಧನ ಜೋಡಿಸಬೇಕು.

ತೆರೆದರೆ ಗುಡ್ಡಸಾಲಿನಂಥ ಗೆರೆ ಕಾಣುತ್ತದೆ. ಗುಡ್ಡ ಎಂದರೆ ಮಾತು, ಬಯಲು ಎಂದರೆ ಉಸಿರು. ಬಯಲಿನಲ್ಲಿ ಕೊಯ್ಯುವುದು ಸುಲಭ. ಕರ್ಸರ್ ಇಟ್ಟು ಕಂಟ್ರೋಲ್ ಮತ್ತು ಐ ಒತ್ತಿದರೆ ಎರಡು ತುಂಡು.

ಮಾತಿನ ನಡುವೆಯೇ ಕೊಯ್ಯಬೇಕಾದರೆ ಕ, ಚ, ಟ, ತ, ಪ ಹುಡುಕಿ. ಈ ಅಕ್ಷರ ಹೊರಡುವ ಮೊದಲು ಬಾಯಿ ಒಂದು ಗಳಿಗೆ ಮುಚ್ಚಿಕೊಳ್ಳುತ್ತದೆ. ಅಲ್ಲೊಂದು ಪುಟ್ಟ ಬಯಲಿರುತ್ತದೆ. "ಸ್ವಲ್ಪ" ಎನ್ನುವಲ್ಲಿ ‘ಪ’ಕ್ಕೆ ಮೊದಲು ದೊಡ್ಡದು ಮಾಡಿ ನೋಡಿ, ಕಾಣಿಸುತ್ತದೆ. ಸ್ವರದ ನಡುವೆ ಕೊಯ್ದರೆ ‘ಟಕ್’ ಎಂಬ ಸದ್ದು ಬರುತ್ತದೆ. ಗೆರೆ ನಡುಮಟ್ಟವನ್ನು ದಾಟುವ ಬಿಂದುವಿನಲ್ಲಿ ಕೊಯ್ದರೆ ಅದು ಬರುವುದಿಲ್ಲ. ಆಡಾಸಿಟಿಯಲ್ಲಿ ಗುರುತು ಹಾಕಿ ಜಡ್ ಕೀ ಒತ್ತಿದರೆ ಅದೇ ಆ ಬಿಂದುವಿಗೆ ಸರಿಯುತ್ತದೆ.

ಕನ್ನಡ ಈ ಆಟಕ್ಕೆಂದೇ ಹೇಳಿ ಮಾಡಿಸಿದ ಭಾಷೆ. ನಮ್ಮಲ್ಲಿ ‘ಇಲ್ಲ’, ‘ಬ್ಯಾಡ’, ‘ಅಂದಿಲ್ಲ’ ಎಲ್ಲ ಮಾತಿನ ಬಾಲದಲ್ಲಿ ಬರುತ್ತವೆ. "ನಾ ನಿನಗ ಸಾಲಾ ಕೊಡತೀನಂತ ಹೇಳಿಲ್ಲ" ಎಂಬ ಖಡಕ್ ಮಾತಿನ ಬಾಲ ಕೊಯ್ದರೆ "ನಾ ನಿನಗ ಸಾಲಾ ಕೊಡತೀನ..." ಎಂದು ಉಳಿಯುತ್ತದೆ. ‘ಕೊಡತೀನಿ’ ಮತ್ತು ‘ಅಂತ’ ಒಂದಕ್ಕೊಂದು ಅಂಟಿಕೊಂಡಿರುವುದರಿಂದ ಕೊನೆಯ ‘ನಿ’ ಸಿಗುವುದಿಲ್ಲ. ಚಿಂತೆಯಿಲ್ಲ. ‘ನ’ದ ಮೇಲೆ ಸಣ್ಣ ಫೇಡ್ ಔಟ್ ಹಾಕಿ, ಅಂದರೆ ದನಿ ಮೆಲ್ಲಗೆ ಅಡಗುವಂತೆ ಮಾಡಿ. ನಮ್ಮ ಕಡೆ ಮಾತಾಡುವಾಗ ಕೊನೆಯ ಸ್ವರವನ್ನು ನುಂಗುವುದು ರೂಢಿ, ಯಾರಿಗೂ ಗೊತ್ತಾಗದು. ನನ್ನ ಗೆಳೆಯನೊಬ್ಬ ಹೀಗೆ ನನ್ನಿಂದ ಹತ್ತು ಸಾವಿರ ಸಾಲ ಮಂಜೂರು ಮಾಡಿಸಿಕೊಂಡ. ಆಡಿಯೊದಲ್ಲಿ ಮಾತ್ರ.

ಇನ್ನು ನಿಲುಗಡೆ. ಹೊಸಬರು ತಪ್ಪುವುದೇ ಇಲ್ಲಿ. ಪ್ರಶ್ನೆ ಮುಗಿದ ತಕ್ಷಣ ಉತ್ತರ ಅಂಟಿಸುತ್ತಾರೆ. ಮನುಷ್ಯರು ಮಾತಾಡುವಾಗ ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಸಾಮಾನ್ಯವಾಗಿ ಸೆಕೆಂಡಿನ ಐದನೇ ಒಂದು ಭಾಗದಷ್ಟು ಬಿಡುವು ಇರುತ್ತದೆ. ಅಷ್ಟು ಬಿಟ್ಟರೆ ಮಾತುಕತೆ ಸಹಜ. ನಗಿಸುವ ಉತ್ತರಕ್ಕೆ ಮುಂಚೆ ನಾನು ಮುಕ್ಕಾಲು ಸೆಕೆಂಡ್ ಬಿಡುತ್ತೇನೆ. "ಏನರ ಚಟಾ?" ಆದಮೇಲೆ ಕಾಕಾ ಯೋಚಿಸುತ್ತಿದ್ದಾರೆ ಎಂದು ಕೇಳುವವರಿಗೆ ಅನ್ನಿಸಬೇಕು. ಸಾಧ್ಯವಾದರೆ ಡಬ್ಬಿಯಿಂದ ಒಂದು ಉಸಿರು ತೆಗೆದು ಅಲ್ಲಿಡಿ. ಈ ಉಸಿರನ್ನು ಇಡಲು ಕಲಿತ ದಿನದಿಂದ ನಮ್ಮ ಆಡಿಯೊಗಳು ಎರಡು ಪಟ್ಟು ನಗಿಸತೊಡಗಿದವು.

ಒಂದು ತುಂಡಿನಲ್ಲಿ ಫ್ಯಾನ್ ಸದ್ದು, ಇನ್ನೊಂದರಲ್ಲಿ ಬೀದಿ ಸದ್ದು ಇದ್ದರೆ ಅಂಟಿಸಿದ್ದು ಎದ್ದು ಕಾಣುತ್ತದೆ. ಮಾತಿಲ್ಲದ ಹತ್ತು ಸೆಕೆಂಡ್ ಹಿಡಿದಿಟ್ಟಿದ್ದು ಇದಕ್ಕೇ. ಬಸ್ ನಿಲ್ದಾಣದ ಗದ್ದಲವನ್ನು ಸಣ್ಣ ದನಿಯಲ್ಲಿ ಉದ್ದಕ್ಕೂ ಕೆಳಗೆ ಹಾಸಿ. ಎಲ್ಲರೂ ಒಂದೇ ಕಡೆ ನಿಂತು ಮಾತಾಡಿದಂತಾಗುತ್ತದೆ.

ರೊಟ್ಟಿಯ ತಾಳ

ಮ್ಯಾಶಪ್ ಅಂದರೆ ಎರಡು ಬೇರೆ ಬೇರೆ ಸದ್ದನ್ನು ಒಂದರ ಮೇಲೊಂದು ಕೂರಿಸುವುದು. ಸಿನಿಮಾ ಹಾಡು ಬೇಡ. ಒಂದು, ಯೂಟ್ಯೂಬಿಗೆ ಹಾಕಿದರೆ ಅದರ ಯಂತ್ರ ತಕ್ಷಣ ಗುರುತು ಹಿಡಿಯುತ್ತದೆ. ಎರಡು, ಎಲ್ಲರೂ ಅದನ್ನೇ ಮಾಡುತ್ತಾರೆ.

ಅಡುಗೆಮನೆಗೆ ಹೋಗಿ ಜೋಳದ ರೊಟ್ಟಿ ಬಡಿಯುವುದನ್ನು ರೆಕಾರ್ಡ್ ಮಾಡಿ. ಫೋನನ್ನು ಕೊಣಮಿಗೆಯ (ರೊಟ್ಟಿ ಬಡಿಯುವ ಅಗಲ ಪಾತ್ರೆಯ) ಪಕ್ಕದ ಕಟ್ಟೆ ಮೇಲೆ, ಮಡಚಿದ ಟವೆಲ್ ಹಾಕಿ ಇಡಿ. ಇಲ್ಲವಾದರೆ ಪ್ರತಿ ಏಟಿಗೂ ಫೋನ್ ಅದುರುತ್ತದೆ. ಹದಿನೈದು ಸೆಕೆಂಡಿನಲ್ಲಿ ಎಷ್ಟು ಏಟು ಎಂದು ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷದ ಲಯ ಸಿಕ್ಕಿತು. ಲಯ ಹಿಡಿದ ಎಂಟು ಏಟು ಆರಿಸಿ, ಅದನ್ನೇ ಮತ್ತೆ ಮತ್ತೆ ಜೋಡಿಸಿ. ಅದರ ಮೇಲೆ ಯಾರದಾದರೂ ಉದ್ದನೆಯ ಬೈಗುಳ. ನಮ್ಮಲ್ಲಿ ಒಬ್ಬರು ತಮ್ಮ ಅವ್ವ ಪರೀಕ್ಷೆಯ ಬಗ್ಗೆ ಬೈದದ್ದನ್ನು, ಅವ್ವನನ್ನು ಕೇಳಿಯೇ, ರೊಟ್ಟಿ ತಾಳಕ್ಕೆ ಕೂರಿಸಿದರು. "ಓದು" ಎನ್ನುವ ಮಾತು ಪ್ರತಿ ಸಲವೂ ಏಟಿನ ಮೇಲೇ ಬೀಳುತ್ತದೆ.

ತಾಳ ಕೂಡದಿದ್ದರೆ ಟೆಂಪೊ (ವೇಗ) ಬದಲಿಸಿ, ಪಿಚ್ (ದನಿಯ ಏರಿಳಿತ) ಮುಟ್ಟಬೇಡಿ. ನೂರಕ್ಕೆ ಹತ್ತರವರೆಗೆ ಎಳೆದರೂ ದನಿ ಸಹಜವಾಗಿರುತ್ತದೆ. ಆಮೇಲೆ ರೋಬೊ ಆಗುತ್ತದೆ. ದನಿಯನ್ನು ಇಲಿಮರಿಯಂತೆ ಕೀಚಲು ಮಾಡುವ ಎಫೆಕ್ಟಿಗೆ ಮೊದಲ ಸಲ ಮಾತ್ರ ನಗು ಬರುತ್ತದೆ. ನಮ್ಮ ಗುಂಪಿನಲ್ಲಿ ಅದಕ್ಕೆ ನಿಷೇಧ ಇದೆ.

ಸುತ್ತು ನಡೆಸುವ ಬಗೆ

ಶುಕ್ರವಾರ ರಾತ್ರಿ ಎಲ್ಲರಿಗೂ ಒಂದೇ ಸಾಮಾನು ಕೊಡಿ. ಒಂದು ನಿಮಿಷದ ಮೂರು ಆಡಿಯೊ ಸಾಕು. ಭಾನುವಾರ ಸಂಜೆಯವರೆಗೆ ಗಡುವು. ಉದ್ದ ನಲವತ್ತು ಸೆಕೆಂಡ್ ಮೀರಬಾರದು. ಒಂದೇ ಎಮ್ಮೆಯಿಂದ ಒಬ್ಬರು ಎಲೆಕ್ಷನ್ ಭಾಷಣ, ಇನ್ನೊಬ್ಬರು ಲಗ್ನಪತ್ರಿಕೆ ಮಾಡಿರುತ್ತಾರೆ. ಅದನ್ನು ಕೇಳುವುದೇ ಮಜಾ.

ಬಹುಮಾನ ಇಡಬೇಡಿ. ಒಮ್ಮೆ ಇಟ್ಟಿದ್ದೆವು, ಗೆದ್ದವರೇ ಗೆಲ್ಲುತ್ತ ಹೋಗಿ ಉಳಿದವರು ಸುಮ್ಮನಾದರು. ಈಗ ಒಂದೇ ನಿಯಮ. ಕೇಳಿದವರು ಇಮೋಜಿ ಒತ್ತುವಂತಿಲ್ಲ, ನಕ್ಕರೆ ಆ ನಗುವನ್ನೇ ರೆಕಾರ್ಡ್ ಮಾಡಿ ಹಾಕಬೇಕು. ಆ ನಗುವೆಲ್ಲ ಮುಂದಿನ ಸುತ್ತಿಗೆ ಸಾಮಾನು.

ಆಡಿಯೊವನ್ನು ಎಂಪಿ3 ಮಾಡಿ ಡಾಕ್ಯುಮೆಂಟ್ ಆಗಿ ಕಳಿಸಿ.

ಎಲ್ಲಿ ಕತ್ತರಿ ಕೆಳಗಿಡಬೇಕು

ಯಾರ ದನಿಯೋ ಅವರ ಒಪ್ಪಿಗೆ ಬೇಕು. ಯಾರ ಮೇಲೆ ತಮಾಷೆಯೋ ಅವರದೂ ಬೇಕು. ನಾನು ಎಡವಿದ್ದು ಎರಡನೆಯದರಲ್ಲಿ. ಅಳಿಯಂದಿರ ಮನೆಗೆ ಶೇಂಗಾ ಹೋಳಿಗೆ ಕಟ್ಟಿಕೊಂಡು ಹೋಗಿ ಕ್ಷಮೆ ಕೇಳಿ ಬಂದೆ. ಅವರು ನಕ್ಕರು, ಸ್ವಲ್ಪ ತಡವಾಗಿ. ಸುಮಾರು ಮುಕ್ಕಾಲು ಸೆಕೆಂಡ್.

ಬಾಲ ಕೊಯ್ದರೆ ಮಾತು ತಿರುಗುತ್ತದೆ ಎಂದೆನಲ್ಲ, ಅದೇ ಅಪಾಯವೂ ಹೌದು. ನಾಯಕರು, ಅಧಿಕಾರಿಗಳು, ಸ್ವಾಮಿಗಳ ಮಾತನ್ನು ನಿಜವೆಂದು ನಂಬುವಂತೆ ಕೊಯ್ದು ಬಿಟ್ಟರೆ ಅದು ಸುಳ್ಳು ಸುದ್ದಿ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಗೆ ಶಿಕ್ಷೆ ಹೇಳುತ್ತದೆ. ಹಾಡುಗಳ ವಿಷಯಕ್ಕೆ ಬಂದರೆ, 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಂ ವಿಮರ್ಶೆಗೆ ಒಂದಿಷ್ಟು ಸಡಿಲಿಕೆ ಕೊಟ್ಟಿದೆ. ತಮಾಷೆ ಎಂದು ಬಿಡಿಸಿ ಬರೆದಿಲ್ಲ. ಅದಕ್ಕೇ ರೊಟ್ಟಿ ತಾಳ ಎಂದದ್ದು.

ಗುಂಪಿನಿಂದ ಆಚೆ ಹೋಗುವ ಯಾವ ಆಡಿಯೊಗೂ ಮೊದಲ ಎರಡು ಸೆಕೆಂಡ್ ಕತ್ತರಿಯ ಕಚಕಚ ಸದ್ದು ಹಾಕಿ, "ಕೊಯ್ದದ್ದು" ಎಂದು ಒಬ್ಬರು ಹೇಳಲಿ. ಇದನ್ನು ಬೇರೆ ಪಠ್ಯವಾಗಿ ಬರೆಯುವುದು ಬೇಡ, ಫಾರ್ವರ್ಡ್ ಆದಾಗ ಪಠ್ಯ ಹಿಂದುಳಿದು ಆಡಿಯೊ ಮಾತ್ರ ಮುಂದೆ ಹೋಗುತ್ತದೆ.

ಮೂಲ ಆಡಿಯೊಗಳನ್ನು ಅಳಿಸಬೇಡಿ. ಫೋನ್ ಬದಲಿಸುವಾಗ ಕಳೆದುಹೋಗುವುದು ಅವೇ. ತಿಂಗಳಿಗೊಮ್ಮೆ ಪೆನ್‌ಡ್ರೈವಿಗೆ ಹಾಕಿಡಿ. ಬೈಕ್ ಕೊಂಡವರು ಈಚೆಗೆ ಅದನ್ನು ಮತ್ತೊಬ್ಬರಿಗೆ ಮಾರಲು ಹೊರಟಿದ್ದಾರೆ. ಕಾಕಾನ ಹಳೇ ಮೆಸೇಜ್ ಸಿಗಬಹುದೇ ಎಂದು ನನ್ನನ್ನೇ ಕೇಳಿದರು. ಯಾವುದು ಕೊಯ್ಯದ್ದು ಎಂದು ಎರಡು ಸಲ ಕೇಳಿ ನೋಡಿ ಕಳಿಸಿದೆ.