ಪಿಂಗ್ ಹೋಗುತ್ತೆ, ಲೆಡ್ಜರ್ ಬರಲ್ಲ

ಶಿರಸಿ ಶಾಖೆಯಿಂದ ಫೋನ್ ಬಂದಾಗ ಬೆಳಿಗ್ಗೆ ಹತ್ತೂಕಾಲು. ಅಡಿಕೆ ವ್ಯಾಪಾರದ ಆಫೀಸು, ಕೆಲಸ ಜೋರಾಗುವ ಹೊತ್ತು. ಲೆಕ್ಕ ನೋಡಿಕೊಳ್ಳುವ ಮೇಡಂ ಹೇಳಿದ್ದು ಇಷ್ಟೇ: “ಸರ್, ಬಿಲ್ ಹಾಕಿದ್ರೆ ಹೋಗ್ತದೆ. ಲೆಡ್ಜರ್ ತೆಗೆದ್ರೆ ಪರದೆ ಹಾಗೇ ನಿಂತುಬಿಡ್ತದೆ.”

ನಾನು ಬೆಂಗಳೂರಿನಲ್ಲಿ ಕೂತು ಆ ಸಂಸ್ಥೆಯ ಲಿನಕ್ಸ್ ಸರ್ವರ್‌ಗಳನ್ನು ನೋಡಿಕೊಳ್ಳುತ್ತೇನೆ. ಲೆಕ್ಕದ ಪ್ರೋಗ್ರಾಂ ಬಹಳ ಹಳೆಯದು. ಕಪ್ಪು ಪರದೆ, 80 ಕಾಲಂ, 24 ಸಾಲು. ಶಾಖೆಯವರು ಪುಟ್ಟಿ ಅನ್ನುವ ಪ್ರೋಗ್ರಾಂ ತೆರೆದು, ದೂರದ ಸರ್ವರ್‌ಗೆ ಸುರಕ್ಷಿತವಾಗಿ ಲಾಗಿನ್ ಆಗುವ ಎಸ್‌ಎಸ್‌ಎಚ್‌ನಲ್ಲಿ ಒಳಗೆ ಬರುತ್ತಾರೆ. ನೋಡಿ ನಗುವವರಿದ್ದಾರೆ. ಆದರೆ ಲೈನ್ ಎಷ್ಟೇ ನಿಧಾನವಿದ್ದರೂ ಓಡುತ್ತೆ, ಹಾಗಾಗಿ ನಾನಂತೂ ಅದನ್ನು ಬದಲಾಯಿಸಿ ಅಂತ ಯಾರಿಗೂ ಹೇಳಿಲ್ಲ.

ಲೈನು, ಸರ್ವರ್‌ಗಳ ಮೇಲೆ ಕಣ್ಣಿಡುವ ನಾಗಿಯೋಸ್ ತೆರೆದೆ. ಪೂರ್ತಿ ಹಸಿರು. ಶಿರಸಿಗೆ ಪಿಂಗ್ (‘ಇದ್ದೀಯಾ’ ಅಂತ ಕೇಳುವ ಚಿಕ್ಕ ಪ್ಯಾಕೆಟ್, ಅಂದರೆ ಡೇಟಾದ ತುಂಡು) ಹೋಗ್ತಿದೆ, ಒಂದು ಪ್ಯಾಕೆಟ್ಟೂ ಕಳೆದಿಲ್ಲ. ಎಸ್‌ಎಸ್‌ಎಚ್ ಚೆಕ್ ಕೂಡ ಸರಿ ಇದೆ. ಸರ್ವರ್‌ಗೆ ಲಾಗಿನ್ ಆಗಿ ಯಾವಾಗಲೂ ಮೊದಲು ನೋಡುವುದನ್ನು ನೋಡಿದೆ: ಲೋಡ್, ಮೆಮೊರಿ, ಡಿಮೆಸ್ಗ್ (ಲಿನಕ್ಸ್‌ನ ತಿರುಳಾದ ಕರ್ನಲ್‌ನ ಸಂದೇಶಗಳು), ಡಿಸ್ಕ್. ಡಿಸ್ಕನ್ನು ನಾನು ಎರಡು ಸಲ ನೋಡುತ್ತೇನೆ, ಒಮ್ಮೆ ಜಾಗಕ್ಕೆ, ಒಮ್ಮೆ ಐನೋಡ್‌ಗೆ, ಅಂದರೆ ಪ್ರತಿ ಫೈಲಿಗೂ ಒಂದೊಂದು ಬೇಕಾಗುವ ದಾಖಲೆಗೆ. ಹಿಂದೊಮ್ಮೆ ಅರ್ಧ ಡಿಸ್ಕ್ ಖಾಲಿ ಇದ್ದೂ ‘ಜಾಗ ಇಲ್ಲ’ ಅಂತ ಬರ್ತಿತ್ತು. ಲಕ್ಷಗಟ್ಟಲೆ ಚಿಕ್ಕ ಸೆಷನ್ ಫೈಲುಗಳು ಐನೋಡ್ ಎಲ್ಲಾ ತಿಂದುಹಾಕಿದ್ದವು. ಅವತ್ತಿನಿಂದ ಆ ಅಭ್ಯಾಸ. ಈ ಸಲ ಎರಡೂ ಸರಿ ಇತ್ತು.

ನನ್ನ ಮನೆಯ ಲೈನಿನಿಂದ ಅದೇ ಲೆಡ್ಜರ್ ತೆರೆದೆ. ತಟ್ಟನೆ ಬಂತು.

ಹಾಗಾದರೆ ತೊಂದರೆ ಶಿರಸಿಗೆ ಮಾತ್ರ. ಮೇಡಂಗೆ ಕೇಳಿದೆ, “ಈ ವಾರ ಏನಾದ್ರೂ ಬದಲಾವಣೆ ಆಯ್ತಾ?” “ಇಲ್ಲ ಸರ್, ಏನೂ ಆಗ್ಲಿಲ್ಲ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನೆ ಸಂಜೆ ಹಳೇ ಲೈನ್ ತೆಗೆದು ಫೈಬರ್ ಹಾಕಿ ಹೋದ್ರು, ಅಷ್ಟೇ” ಅಂದರು.

ಇಲ್ಲಿ ನಾನು ಒಂದು ತಪ್ಪು ದಾರಿ ಹಿಡಿದೆ. ದಾರಿಯ ಪ್ರತಿ ರೂಟರನ್ನೂ ಪರೀಕ್ಷಿಸುವ ಎಂಟಿಆರ್ ಓಡಿಸಿದಾಗ ನಡುವಿನ ಒಂದು ರೂಟರ್‌ನಲ್ಲಿ ಶೇ. 40 ಪ್ಯಾಕೆಟ್ ಲಾಸ್ ಕಂಡಿತು. ಸಿಕ್ಕಿತು ಅಂದುಕೊಂಡು ಲೈನ್ ಕೊಟ್ಟವರಿಗೆ ಫೋನ್ ಹಚ್ಚಿದೆ. ಅವರು ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅಂದರು. ಮಾಡಿಸಿದೆ. ಒಂದು ಗಂಟೆ ಹೋಯಿತು. ನಿಜಕ್ಕೂ ಆ ಲಾಸ್‌ಗೆ ಅರ್ಥವೇ ಇರಲಿಲ್ಲ. ನಡುವಿನ ರೂಟರ್‌ಗಳು ಪ್ಯಾಕೆಟ್ ಮುಂದೆ ಕಳಿಸುವುದರಲ್ಲಿ ಚುರುಕು, ತಾವೇ ಉತ್ತರ ಕೊಡುವುದರಲ್ಲಿ ಜಿಪುಣರು. ಆ ಲಾಸ್ ಕೊನೆಯ ಹಾಪ್‌ವರೆಗೂ (ದಾರಿಯ ಕೊನೆಯ ನಿಲ್ದಾಣದವರೆಗೂ) ಹಾಗೇ ಮುಂದುವರಿದರೆ ಮಾತ್ರ ತಲೆ ಕೆಡಿಸಿಕೊಳ್ಳಬೇಕು. ಕೊನೆಯ ಹಾಪ್‌ನಲ್ಲಿ ಸೊನ್ನೆ ಇತ್ತು. ಇದು ಗೊತ್ತಿದ್ದೂ ಮೋಸ ಹೋದೆ.

ಆಮೇಲೆ ಮಾಡಿದ್ದನ್ನು ಮೊದಲೇ ಮಾಡಬೇಕಿತ್ತು. ಮೇಡಂಗೆ ಲೆಡ್ಜರ್ ತೆರೆಯಲು ಹೇಳಿ, ಪರದೆ ನಿಂತ ಕೂಡಲೇ ಸರ್ವರ್‌ನಲ್ಲಿ ‘ಎಸ್‌ಎಸ್’ ಕಮಾಂಡಿನಿಂದ ಅವರ ಕನೆಕ್ಷನ್ನಿನ ಒಳವಿವರ ತೆಗೆದೆ. ಕಳಿಸಬೇಕಾದ ಡೇಟಾ ಕ್ಯೂನಲ್ಲೇ ಕೂತಿದೆ. ಎಂಎಸ್‌ಎಸ್, ಅಂದರೆ ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸುವ ಅತಿ ಹೆಚ್ಚು ಡೇಟಾ, 1460 ಬೈಟ್. ಮರುರವಾನೆಯ ಲೆಕ್ಕ ಏರುತ್ತಿದೆ, ಬ್ಯಾಕ್‌ಆಫ್ 5, ಆಮೇಲೆ 6. ಅಂದರೆ ಸರ್ವರ್ ಒಂದೇ ತುಂಡನ್ನು ಮತ್ತೆ ಮತ್ತೆ ಕಳಿಸ್ತಿದೆ, ಪ್ರತಿ ಸಲ ಕಾಯುವ ಸಮಯ ದುಪ್ಪಟ್ಟಾಗ್ತಿದೆ, ಆ ಕಡೆಯಿಂದ ಸಿಕ್ಕಿತು ಅನ್ನುವ ಉತ್ತರವಿಲ್ಲ. ಲಿನಕ್ಸ್ ಹೀಗೆ ಸುಮಾರು 15 ನಿಮಿಷ ಹಟ ಹಿಡಿಯುತ್ತೆ, ಆಮೇಲೆ ಕೈ ಬಿಡುತ್ತೆ. ಅಷ್ಟು ಹೊತ್ತು ಯಾರು ಕಾಯ್ತಾರೆ? ಅವರು ಪುಟ್ಟಿ ಮುಚ್ಚಿ ಮತ್ತೆ ತೆರೆಯುತ್ತಿದ್ದರು.

1460 ನೋಡಿದ ಮೇಲೆ ಸಂಶಯ ಬಂತು. ಬಿಲ್ ಹಾಕುವ ಪರದೆಯಲ್ಲಿ ಒಂದಷ್ಟು ಖಾಲಿ ಜಾಗ, ಐದಾರು ಸಾಲು. ಲೆಡ್ಜರ್‌ನಲ್ಲಿ ಪರದೆ ತುಂಬಾ ಅಂಕಿ. 80 ಕಾಲಂ, 24 ಸಾಲು, ಒಟ್ಟು 1920 ಅಕ್ಷರ. ಒಂದು ಪ್ಯಾಕೆಟ್ಟಿನಲ್ಲಿ ಹಿಡಿಸುವುದಿಲ್ಲ. ಹಾಗಾಗಿ ಮೊದಲ ಪ್ಯಾಕೆಟ್ ಕಂಠಪೂರ್ತಿ ತುಂಬಿ ಹೊರಡುತ್ತೆ, 1460ಕ್ಕೆ ಹೆಡರ್‌ಗಳ (ವಿಳಾಸ ಮುಂತಾದ ತಲೆಬರಹದ) 40 ಸೇರಿ 1500 ಬೈಟ್. ಚಿಕ್ಕ ಪ್ಯಾಕೆಟ್ ದಾಟುತ್ತೆ, ತುಂಬಿದ ಪ್ಯಾಕೆಟ್ ದಾಟಲ್ಲ.

ಪರೀಕ್ಷೆ ಸುಲಭ. ಪಿಂಗ್‌ಗೆ ಗಾತ್ರ ಕೊಟ್ಟು, ದಾರಿಯಲ್ಲಿ ತುಂಡು ಮಾಡಬೇಡ ಅನ್ನುವ ಆಯ್ಕೆ ಹಾಕಿ ಸರ್ವರ್‌ನಿಂದ ಶಿರಸಿಯ ಗೇಟ್‌ವೇಗೆ, ಅಂದರೆ ಶಾಖೆಯನ್ನು ಹೊರಗಿನ ಲೈನಿಗೆ ಸೇರಿಸುವ ಪೆಟ್ಟಿಗೆಗೆ, ಕಳಿಸಿದೆ. 56 ಹೋಯಿತು. ಅದು ಪಿಂಗ್‌ನ ಮಾಮೂಲಿ ಗಾತ್ರ, ನಾಗಿಯೋಸ್ ಹಗಲೂ ರಾತ್ರಿ ಕಳಿಸ್ತಿದ್ದದ್ದು ಅದನ್ನೇ. 1400 ಹೋಯಿತು. 1472 ಹೋಗಲಿಲ್ಲ. ಸ್ವಲ್ಪ ಸ್ವಲ್ಪ ಇಳಿಸಿದೆ. 1465 ಇಲ್ಲ, 1464 ಹೋಯಿತು. ಅದಕ್ಕೆ ಐಪಿ ಮತ್ತು ಐಸಿಎಂಪಿ (ಪಿಂಗ್ ಮತ್ತು ದೋಷದ ಸಂದೇಶಗಳು ಹೋಗುವ ಬಗೆ) ಹೆಡರ್‌ಗಳ 28 ಸೇರಿಸಿ: 1492.

ಈ ಅಂಕಿ ಕಂಡ ಕೂಡಲೇ ನೆಟ್‌ವರ್ಕ್ ಕೆಲಸ ಮಾಡುವವರಿಗೆ ಗೊತ್ತಾಗಿಬಿಡುತ್ತೆ. ಮನೆಗೆ ಬರುವ ಎಷ್ಟೋ ಫೈಬರ್ ಲೈನುಗಳು ಪಿಪಿಪಿಒಇ ಅನ್ನುವ ಸಂಪರ್ಕ ವಿಧಾನದ ಮೇಲೆ ಓಡುತ್ತವೆ. ಅದು ಪ್ರತಿ ಪ್ಯಾಕೆಟ್ಟಿಗೂ ತನ್ನ 8 ಬೈಟ್ ಹೆಡರ್ ಅಂಟಿಸುತ್ತೆ, 1500ರಲ್ಲಿ ನಮಗೆ ಉಳಿಯುವುದು 1492. ಹಳೆಯ ಲೀಸ್ಡ್ ಲೈನಿನಲ್ಲಿ ಈ ಕಿರಿಕಿರಿ ಇರಲಿಲ್ಲ. ನನ್ನ ಮನೆಯ ಫೈಬರ್ ಕೂಡ ಪಿಪಿಪಿಒಇಯೇ. ಆದರೆ ಮನೆಯ ರೂಟರ್ ಕನೆಕ್ಷನ್ ಶುರುವಾಗುವಾಗಲೇ ಎಂಎಸ್‌ಎಸ್ ಅಂಕಿಯನ್ನು ಗುಟ್ಟಾಗಿ ತಿದ್ದಿ ಕಳಿಸುತ್ತೆ. ಶಿರಸಿಯಲ್ಲಿ ಗೇಟ್‌ವೇ ಆಗಿರುವುದು ನಾವೇ ಇಟ್ಟ ಲಿನಕ್ಸ್ ಪೆಟ್ಟಿಗೆ. ಅದಕ್ಕೆ ಹಾಗೆ ಮಾಡಲು ಯಾರೂ ಹೇಳಿಕೊಟ್ಟಿರಲಿಲ್ಲ.

ಇಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ಒಂದು ವಿಷಯ ಕೊರೆಯುತ್ತಿತ್ತು. ದಾರಿಯಲ್ಲಿ ಪ್ಯಾಕೆಟ್ ದೊಡ್ಡದಾದರೆ ಅಲ್ಲಿಯ ರೂಟರ್ ‘ಇದು ಹಿಡಿಸಲ್ಲ, 1492ಕ್ಕೆ ಇಳಿಸು’ ಅಂತ ಐಸಿಎಂಪಿಯಲ್ಲಿ ತಿಳಿಸಬೇಕು. 1990ರಿಂದಲೂ ಇರುವ ಏರ್ಪಾಡು ಇದು. ಆ ಚೀಟಿ ಎಲ್ಲಿ ಹೋಯಿತು? ನಾನು ಮೊದಲು ಟಿಸಿಪಿಡಂಪ್ (ಹೋಗಿಬರುವ ಪ್ಯಾಕೆಟ್ ತೋರಿಸುವ ಕಮಾಂಡ್) ಓಡಿಸಿದ್ದು ‘ಪೋರ್ಟ್ 22’ ಅಂತ, ಎಸ್‌ಎಸ್‌ಎಚ್‌ನದ್ದನ್ನು ಮಾತ್ರ ಸೋಸಿ. ಅದರಲ್ಲಿ ಐಸಿಎಂಪಿ ಕಾಣುವುದೇ ಇಲ್ಲ. ಸೋಸುವ ಮಾತಿಗೆ ‘ಅಥವಾ ಐಸಿಎಂಪಿ’ ಸೇರಿಸಿ ಮತ್ತೆ ಓಡಿಸಿದೆ. ಮೇಡಂ ಲೆಡ್ಜರ್ ಒತ್ತಿದರು. 1460ರ ಪ್ಯಾಕೆಟ್ ಹೊರಟಿತು. ಮರುಕ್ಷಣವೇ ಉತ್ತರ: ತಲುಪಿಸಲಾಗದು, ತುಂಡು ಮಾಡಬೇಕು, ಎಂಟಿಯು (ಹಿಡಿಸುವ ಅತಿ ದೊಡ್ಡ ಪ್ಯಾಕೆಟ್ಟಿನ ಗಾತ್ರ) 1492.

ಚೀಟಿ ಬಂದಿದೆ! ನಮ್ಮ ಸರ್ವರ್ ಬಾಗಿಲಿಗೇ ಬಂದಿದೆ. ಆದರೂ ಸರ್ವರ್ ಮತ್ತೆ 1460ನ್ನೇ ಕಳಿಸ್ತಿದೆ.

ಟಿಸಿಪಿಡಂಪ್ ಬಗ್ಗೆ ಇದೊಂದು ನೆನಪಿಟ್ಟುಕೊಳ್ಳಬೇಕಾದ ಸಂಗತಿ. ಒಳಗೆ ಬರುವ ಪ್ಯಾಕೆಟ್ಟನ್ನು ಅದು ಫೈರ್‌ವಾಲ್‌ಗಿಂತ ಮೊದಲೇ ನೋಡುತ್ತೆ. ಅದರಲ್ಲಿ ಕಂಡಿತು ಅಂದರೆ ಗೇಟಿನ ತನಕ ಬಂತು ಅಂತ ಮಾತ್ರ, ಮನೆಯೊಳಗೆ ಬಂತು ಅಂತಲ್ಲ. ಫೈರ್‌ವಾಲ್‌ನ ಐಪಿಟೇಬಲ್ಸ್ ನಿಯಮಗಳನ್ನು, ಯಾವ ಸಾಲಿಗೆ ಎಷ್ಟು ಪ್ಯಾಕೆಟ್ ಸಿಕ್ಕವು ಅನ್ನುವ ಎಣಿಕೆ ಸಮೇತ, ತೆರೆದೆ. ಅವನ್ನು ಮೇಲಿನಿಂದ ಕೆಳಗೆ ಓದಬೇಕು. ಮೊದಲಿಗೆ ಪಿಂಗ್ ಪ್ರಶ್ನೆ ಮತ್ತು ಉತ್ತರಕ್ಕೆ ಅನುಮತಿ. ಅದರ ಕೆಳಗೆ, ಉಳಿದ ಐಸಿಎಂಪಿ ಎಲ್ಲಾ ಡ್ರಾಪ್, ಅಂದರೆ ಸುಮ್ಮನೆ ಎಸೆ. ಅದಕ್ಕೂ ಕೆಳಗೆ, ಈಗಾಗಲೇ ನಡೆಯುತ್ತಿರುವ ಕನೆಕ್ಷನ್ನಿಗೆ ಸಂಬಂಧಪಟ್ಟ ಪ್ಯಾಕೆಟ್ಟುಗಳಿಗೆ ಅನುಮತಿ. ಈ ಕೊನೆಯ ಸಾಲು ಮೇಲಿದ್ದಿದ್ದರೆ ಚೀಟಿ ಒಳಗೆ ಬರ್ತಿತ್ತು. ಮೇಡಂ ಲೆಡ್ಜರ್ ಒತ್ತಿದಾಗೆಲ್ಲಾ ಡ್ರಾಪ್ ಸಾಲಿನ ಎಣಿಕೆ ಏರುತ್ತಿತ್ತು.

ಆ ಡ್ರಾಪ್ ಸಾಲು ಬರೆದವರು ಯಾರು ಅಂತ ಸಿಟ್ಟಿನಿಂದಲೇ ಫೈಲ್ ತೆರೆದೆ. ಮೇಲೆ ಕಾಮೆಂಟ್ ಇತ್ತು, ಭದ್ರತೆಗಾಗಿ ಅಂತ. ಕೆಳಗೆ ನನ್ನದೇ ಹೆಸರು, ಮೂರು ವರ್ಷದ ಹಿಂದಿನ ತಾರೀಕು.

ಸಂಬಂಧಪಟ್ಟ ಪ್ಯಾಕೆಟ್ಟುಗಳ ಸಾಲನ್ನು ಮೇಲಕ್ಕೆ ತಂದೆ. “ಈಗ ತೆಗೀರಿ ಮೇಡಂ.” “ಬಂತು ಸರ್!” ಸರ್ವರ್‌ನಲ್ಲಿ ಶಿರಸಿಯ ದಾರಿ ಕೇಳಿದರೆ ಕರ್ನಲ್ ಈಗ ಎಂಟಿಯು 1492 ಅಂತ ಬರೆದುಕೊಂಡಿತ್ತು. ಪಕ್ಕದಲ್ಲಿ 600 ಸೆಕೆಂಡಿನಿಂದ ಇಳಿಯುತ್ತಿರುವ ಗಡುವು, ಅದು ಮುಗಿದರೆ ಮತ್ತೆ ಹೊಸದಾಗಿ ಕಲಿಯುತ್ತೆ. ಶಿರಸಿಯ ಗೇಟ್‌ವೇಯಲ್ಲೂ ಎಂಎಸ್‌ಎಸ್ ತಿದ್ದುವ ನಿಯಮ ಹಾಕಿದೆ. ಅಲ್ಲಿಂದ ಹೊರಡುವ ಹೊಸ ಕನೆಕ್ಷನ್ನುಗಳೆಲ್ಲ ಈಗ 1460ರ ಬದಲು 1452 ಅಂತ ಹೇಳಿಕೊಳ್ಳುತ್ತವೆ. ದಾರಿಯಲ್ಲಿ ಬೇರೆ ಯಾರಾದರೂ ನನ್ನ ಹಾಗೆ ‘ಭದ್ರತೆ’ ಮಾಡಿದ್ದರೂ ಇದರಿಂದ ಕೆಲಸ ನಡೆಯುತ್ತೆ.

ಉಳಿದದ್ದು ನಾಗಿಯೋಸ್. ಅದು ಸುಳ್ಳು ಹೇಳಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಿತ್ತು. ಎಸ್‌ಎಸ್‌ಎಚ್ ಚೆಕ್ ಕೂಡ ಅಷ್ಟೇ. ಅದು ಮೊದಲ ಸಾಲಿನ ಪರಿಚಯದ ಮಾತು ಓದಿ ವಾಪಸ್ ಬರುತ್ತೆ. ಹಾಗಾಗಿ ಪ್ರತಿ ಶಾಖೆಗೂ ಎರಡು ಚೆಕ್ ಸೇರಿಸಿದೆ. ಒಂದು, ಆ ಲೈನಿನಲ್ಲಿ ಹಿಡಿಸಬೇಕಾದ ಅತಿ ದೊಡ್ಡ ಪಿಂಗ್, ತುಂಡು ಮಾಡದೆ. ಇನ್ನೊಂದು, ಶಾಖೆಯ ಗೇಟ್‌ವೇಯಿಂದ ಸರ್ವರ್‌ಗೆ ಲಾಗಿನ್ ಆಗಿ 200 ಕೆಬಿ ಫೈಲನ್ನು ಎಳೆದುಕೊಳ್ಳುವುದು. 10 ಸೆಕೆಂಡಿನಲ್ಲಿ ಬರದಿದ್ದರೆ ಅಲಾರಂ. ಗೇಟ್‌ವೇಯ ಸ್ವಂತ ಕನೆಕ್ಷನ್ ಒಳಗಿನ ಕಂಪ್ಯೂಟರಿನಂತಲ್ಲ, ಅದಕ್ಕೆ ತನ್ನ ಲೈನಿನ 1492 ಮೊದಲೇ ಗೊತ್ತಿರುತ್ತೆ. ಅದಕ್ಕೇ ಈ ಎರಡನೇ ಚೆಕ್ಕನ್ನು ಕೆಲವು ದಿನಗಳಲ್ಲೇ ಒಳಗಿನ ಒಂದು ಹಳೇ ಕಂಪ್ಯೂಟರಿಗೆ ವರ್ಗಾಯಿಸಿದೆ. ಸರ್ವರ್‌ನಲ್ಲಿ ಟಿಸಿಪಿ ಮರುರವಾನೆಯ ಒಟ್ಟು ಎಣಿಕೆಯನ್ನೂ ಗ್ರಾಫ್‌ಗೆ ಹಾಕಿದ್ದೇನೆ.

ಮೊದಲ ವಾರ ಆ 200 ಕೆಬಿ ಚೆಕ್ ರಾತ್ರಿ ಎರಡು ಗಂಟೆಗೆ ನನ್ನನ್ನು ಮೂರು ಸಲ ಎಬ್ಬಿಸಿತು. ನೋಡಿದರೆ ಬ್ಯಾಕಪ್ ಹೋಗುವ ಹೊತ್ತು, ಲೈನ್ ತುಂಬಿರುತ್ತಿತ್ತು. ಈಗ ಸತತ ಮೂರು ಸಲ ಸೋತರೆ ಮಾತ್ರ ಕೂಗುತ್ತೆ.