ಅರ್ಜಿ ಕಳಿಸಿದ ಮೇಲೂ ಮೇಜರ್ ಬದಲಾಯಿಸಿದೆ: ನನ್ನ ಅನುಭವ

ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕಿದ ಮೇಲೆ ಮೇಜರ್, ಅಂದರೆ ಪದವಿಯ ಮುಖ್ಯ ವಿಷಯ, ಬದಲಾಯಿಸಬೇಕು ಅನ್ನಿಸಿತು. ‘ಸಬ್ಮಿಟ್ ಒತ್ತಿದ ಮೇಲೆ ಮೇಜರ್ ಮುಟ್ಟೋಕೆ ಹೋಗಬೇಡ, ಸೀಟೇ ಹೋಗುತ್ತೆ’ ಅಂತ ನನಗೆ ಹೇಳದವರಿಲ್ಲ. ಕನ್ಸಲ್ಟೆನ್ಸಿಯವರಂತೂ ಹೊಸದಾಗಿ ಅರ್ಜಿ ಹಾಕು ಅಂದರು. ಒಂದೊಂದಕ್ಕೂ 75ರಿಂದ 90 ಡಾಲರ್ ಮತ್ತೆ ಕಟ್ಟಬೇಕು, ಅವರ ಫೀಸು ಬೇರೆ. ನಾನು ಒಂದು ಡಾಲರೂ ಜಾಸ್ತಿ ಕೊಡದೆ ಕಂಪ್ಯೂಟರ್ ಸೈನ್ಸ್‌ನಿಂದ ಜಿಯಾಲಜಿಗೆ ಬಂದೆ. ಅಂತರ್ಜಲದ ಒಂದು ಪ್ರಾಜೆಕ್ಟ್ ಹಿಡಿದಿದ್ದೆ. ಜನವರಿ ಹೊತ್ತಿಗೆ ಬೇರೆ ಯಾವುದೂ ಬೇಡ ಅನ್ನಿಸಿತ್ತು.

ಹಲವು ಕಾಲೇಜುಗಳಿಗೆ ಒಂದೇ ಕಡೆಯಿಂದ ಅರ್ಜಿ ಹಾಕುವ ಕಾಮನ್ ಆ್ಯಪ್‌ನಲ್ಲಿ ತಿದ್ದಿದರೆ ಇನ್ನೂ ಕಳಿಸದ ಕಾಲೇಜುಗಳಿಗೆ ಮಾತ್ರ ಹೋಗುತ್ತೆ, ಗೊತ್ತಲ್ವಾ. ಕಳಿಸಿದ್ದನ್ನು ಒಂದೊಂದಾಗಿ ಹಿಡಿಯಬೇಕು. ಮೊದಲು ಎಲ್ಲರಿಗೂ ಒಂದೇ ಇಮೇಲ್ ಹಾಕಿದೆ. ಒಂದಿಬ್ಬರಿಂದ ಯಂತ್ರದ ಉತ್ತರ ಬಂತು, ಮಿಕ್ಕವರಿಂದ ಅದೂ ಇಲ್ಲ. ಒಂದು ಸ್ಟೇಟ್ ಯೂನಿವರ್ಸಿಟಿ ಆಗಲ್ಲ ಅಂತ ನೇರವಾಗಿ ಹೇಳಿತು. ಇನ್ನೊಂದು ಸರಿ ಅಂದು, ಫೈಲನ್ನು ತನ್ನೊಳಗಿನ ಬೇರೆ ಕಾಲೇಜಿಗೆ ವರ್ಗ ಮಾಡಿ, ಎಂಜಿನಿಯರಿಂಗ್ ಸ್ಕಾಲರ್‌ಶಿಪ್‌ನ ಪಟ್ಟಿಯಿಂದ ನನ್ನ ಹೆಸರು ತೆಗೆದುಬಿಟ್ಟಿತು. ಮುಂಚೆ ಒಂದು ಮಾತೂ ಹೇಳಲಿಲ್ಲ. ಅದಕ್ಕೇ ಬದಲಾಯಿಸುವ ಮೊದಲು ಸ್ಕಾಲರ್‌ಶಿಪ್ ಏನಾಗುತ್ತೆ ಅಂತ ಬರಹದಲ್ಲಿ ಕೇಳಿ.

ಕೆಲಸ ಆಗಿದ್ದು ಅಪ್ಲಿಕೆಂಟ್ ಪೋರ್ಟಲ್‌ನಿಂದ, ಅಂದರೆ ಅರ್ಜಿ ಹಾಕಿದವರಿಗೆ ಆಯಾ ಕಾಲೇಜು ಕೊಡುವ ವೆಬ್ ಪುಟದಿಂದ. ಬಹಳ ಕಡೆ ಅಲ್ಲೇ ಅರ್ಜಿ ತಿದ್ದುವ ಫಾರ್ಮ್ ಇರುತ್ತೆ. ಇಲ್ಲದ ಕಡೆ ನನ್ನ ಪ್ರದೇಶದ ಅರ್ಜಿ ನೋಡುವ ಅಡ್ಮಿಷನ್ ಆಫೀಸರ್‌ಗೆ ಬರೆದೆ. ಸಬ್ಜೆಕ್ಟ್ ಲೈನಿನಲ್ಲೇ ಪೂರ್ತಿ ಹೆಸರು, ಅಪ್ಲಿಕೆಂಟ್ ಐಡಿ, ಹಳೇ ಮೇಜರ್, ಹೊಸ ಮೇಜರ್. ಒಳಗೆ ನೂರೈವತ್ತು ಪದದೊಳಗಿನ ಪತ್ರ. ‘ಈ ಮೇಜರ್ ಯಾಕೆ’ ಅನ್ನೋ ಹಳೇ ಪ್ರಬಂಧ ಫೈಲಲ್ಲೇ ಕೂತಿರುತ್ತಲ್ಲ, ಅದಕ್ಕೂ ಹೊಸ ಆಯ್ಕೆಗೂ ಈ ಪತ್ರ ಕೊಂಡಿ ಹಾಕಬೇಕು. ಕೋಡಿಂಗ್ ಬಿಡ್ತಿಲ್ಲ, ಬಾವಿಗಳ ನೀರಿನ ಮಟ್ಟದ ಲೆಕ್ಕಕ್ಕೆ ಅದೇ ಬೇಕು ಅಂತ ಬರೆದೆ. ಜೊತೆಗೆ ಪ್ರಾಜೆಕ್ಟಿನ ಒಂದು ಗ್ರಾಫ್. ಪತ್ರದ ಮೊದಲ ಎರಡು ಸಾಲು ಮಾತ್ರ ಇಲ್ಲಿ ಕೊಡಲ್ಲ, ತಮ್ಮನೂ ಅರ್ಜಿ ಹಾಕುವವನಿದ್ದಾನೆ. ಅರ್ಧ ವರ್ಷದ ಅಂಕಪಟ್ಟಿ ಹೋಗುವ ವಾರವೇ ಪತ್ರ ಕಳಿಸಿದೆ. ಆಗ ಹೇಗೂ ಫೈಲ್ ತೆರೀತಾರೆ.

ದಿಕ್ಕು ಬಹಳ ಮುಖ್ಯ. ಕಂಪ್ಯೂಟರ್ ಸೈನ್ಸ್ ಬಿಟ್ಟು ಹೊರಗೆ ಬರೋದು ಸುಲಭ, ಒಳಗೆ ಹೋಗೋದು ಕಷ್ಟ. ಕಾರ್ನೆಗೀ ಮೆಲನ್‌ನಲ್ಲಿ ಅದಕ್ಕೆ ಪ್ರತ್ಯೇಕ ಸ್ಕೂಲು, ಪ್ರತ್ಯೇಕ ಆಯ್ಕೆ. ಎಂಐಟಿಯಲ್ಲಿ ಮೊದಲ ವರ್ಷ ಯಾರಿಗೂ ಮೇಜರ್ ಇರೋದಿಲ್ಲ. ಅಂಥ ಕಡೆ ಸುಮ್ನೆ ಪತ್ರ ಬರೆದು ತಲೆ ಕೆಡಿಸಿಕೊಳ್ಳಬೇಡಿ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ಒಂದು ಕಡೆ ಜಿಯಾಲಜಿ ಬದಲು ‘ಅನ್‌ಡಿಕ್ಲೇರ್ಡ್’, ಅಂದರೆ ಮೇಜರ್ ಇನ್ನೂ ಆರಿಸಿಲ್ಲ ಅಂತ, ಕೇಳಿದೆ. ಅಲ್ಲೇ ಎಲ್ಲಕ್ಕಿಂತ ಬೇಗ ಒಪ್ಪಿದರು, ಸೀಟೂ ಬಂತು. ಮನಸ್ಸು ಪೂರ್ತಿ ಗಟ್ಟಿಯಾಗದವರಿಗೆ ಇದೇ ಒಳ್ಳೆಯ ದಾರಿ ಅಂತ ನನ್ನ ಅಭಿಪ್ರಾಯ.

ದುಡ್ಡಿನ ಲೆಕ್ಕದಲ್ಲಿ ಲಾಭವೇ ಆಯ್ತು. ಕೆಲವು ಸ್ಟೇಟ್ ಯೂನಿವರ್ಸಿಟಿಗಳಲ್ಲಿ ಎಂಜಿನಿಯರಿಂಗ್ ಕಾಲೇಜಿನ ಫೀಸು ಜಾಸ್ತಿ. ನಾನು ಸೇರಿದ ಕಡೆ ವರ್ಷಕ್ಕೆ ಹೆಚ್ಚುಕಡಿಮೆ ನಾಲ್ಕೈದು ಸಾವಿರ ಡಾಲರ್ ಇಳಿಯಿತು. ಅಪ್ಪನಿಗೆ ಓಪಿಟಿಯ, ಅಂದರೆ ಓದು ಮುಗಿದ ಮೇಲೆ ಅಲ್ಲೇ ಕೆಲಸ ಮಾಡುವ ಅನುಮತಿಯ ಚಿಂತೆ. ಜಿಯಾಲಜಿಯೂ ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದೆ, 12 ತಿಂಗಳ ಮೇಲೆ 24 ತಿಂಗಳು ಸಿಗುತ್ತೆ ಅಂತ ತೋರಿಸಿದ ಮೇಲೆ ಒಪ್ಪಿದರು.

ಮೇ 1ರೊಳಗೆ ಡೆಪಾಸಿಟ್ ಕಟ್ಟಿದೆ. ವೀಸಾಗೆ ಬೇಕಾದ ಕಾಲೇಜಿನ ಪತ್ರ ಐ-20 ಬಂತು, ಅದರಲ್ಲಿ ಮಾತ್ರ ಹಳೇ ಮೇಜರೇ ಇತ್ತು! ಅಡ್ಮಿಷನ್ ಆಫೀಸಿನವರು ಬದಲಾಯಿಸಿದ್ದು ಇಂಟರ್‌ನ್ಯಾಷನಲ್ ಆಫೀಸಿಗೆ ತಲುಪಿರಲಿಲ್ಲ. ಮೊದಲ ಪುಟದಲ್ಲಿ ಮೇಜರ್ ಹೆಸರಿನ ಪಕ್ಕದ ಕೋಡ್ ನೋಡಿ, ಜಿಯಾಲಜಿಗೆ ಅದು 40.0601. ವೀಸಾ ಇಂಟರ್‌ವ್ಯೂಗೆ ಮುಂಚೆಯೇ ಡಿಎಸ್ಒಗೆ (ಐ-20 ಕೊಡುವ ಕಾಲೇಜಿನ ಅಧಿಕಾರಿಗೆ) ಬರೆದು ತಿದ್ದಿಸಿಕೊಂಡೆ. ಸೆವಿಸ್ (ವಿದೇಶಿ ವಿದ್ಯಾರ್ಥಿಗಳ ಸರ್ಕಾರಿ ದಾಖಲೆ) ನಂಬರ್ ಅದೇ ಉಳಿಯಿತು, ಅದರ ಫೀಸು 350 ಡಾಲರ್ ಮತ್ತೆ ಕಟ್ಟಬೇಕಾಗಲಿಲ್ಲ.